ಗೇಟಿನ ಪಕ್ಕದ ಚೆರ್ರಿ ಗಿಡ

ಮಧುರವಾಡ, ವಿಶಾಖಪಟ್ಟಣ
16 ಫೆಬ್ರವರಿ 2025, ಭಾನುವಾರ

ಚಿ. ಸೌ. ಚೈತನ್ಯಾಳಿಗೆ,

ಅಮ್ಮನ ಆಶೀರ್ವಾದಗಳು. ಸಂಕ್ರಾಂತಿಯ ಮಾರನೆಯ ದಿನ ನೀನು ಫೋನಿನಲ್ಲಿ ಕೇಳಿದ ಮಾತಿಗೆ ಒಂದು ತಿಂಗಳು ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮೊದಲು ಬೆರಳು ನೋವು ಅಂತ ಮುಂದಕ್ಕೆ ಹಾಕಿದೆ. ಆಮೇಲೆ ಮನೆಯಲ್ಲಿ ಒಳ್ಳೆಯ ಪೆನ್ನಿಲ್ಲ ಅಂದುಕೊಂಡೆ. ಆಮೇಲೆ ನೆವ ಹುಡುಕುವುದಕ್ಕೂ ಬೇಸರವಾಯಿತು. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಮನೆ ಕಟ್ಟೆಯ ಮೇಲಿಟ್ಟು ಈರುಳ್ಳಿ ಹೆಚ್ಚುತ್ತಿರುತ್ತೀಯ. ನಾನು ಧೈರ್ಯ ಮಾಡಿ ಒಂದು ಮಾತು ಶುರು ಮಾಡುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಮದುವೆಯಾದ ಹೊಸತರಲ್ಲಿ ನಿಮ್ಮಪ್ಪ ಬ್ಯಾಂಕಿನವರು ವರ್ಗ ಮಾಡಿದ ಊರುಗಳಿಂದೆಲ್ಲ ನನಗೆ ಕಾಗದ ಬರೆಯುತ್ತಿದ್ದರು, ನಾನು ತುರುವೇಕೆರೆಯಿಂದ ಉತ್ತರ ಹಾಕುತ್ತಿದ್ದೆ. ದೊಡ್ಡ ಮಾತಿಗೆ ಕಾಗದವೇ ಸರಿ ಅನ್ನುವುದು ಆಗಿನಿಂದ ಬಂದ ಅಭ್ಯಾಸ.

ನೀನು ಕೇಳಿದ್ದು ಒಂದೇ. ಎರಡು ಚೆರ್ರಿ ಗಿಡಗಳನ್ನೂ ಕಡಿಸಿದರೆ ಬೇಸಿಗೆ ರಜಕ್ಕೆ ಧನ್ಯಾಳನ್ನು ಕಳಿಸುತ್ತೀಯ, ಇಲ್ಲದಿದ್ದರೆ ಇಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಇದನ್ನೇ ಕೇಳುತ್ತಿದ್ದೆ. ಆದರೂ ಆ ಮಾತು ಕೇಳಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಎರಡು ವರ್ಷದ ಮಗುವನ್ನು ನೀನು ನನ್ನ ಮಡಿಲಿಗೆ ಹಾಕಿ ಹೋದೆ. ನಿನಗೆ ವಿಜಯವಾಡದ ಆಸ್ಪತ್ರೆಯ ಲ್ಯಾಬಿನಲ್ಲಿ ಶಿಫ್ಟ್ ಡ್ಯೂಟಿ, ಅಳಿಯ ಪ್ರಶಾಂತ್ ಹೈದರಾಬಾದಿನಲ್ಲಿ. ಐದು ವರ್ಷ ಆ ಮಗು ನನ್ನ ಪಕ್ಕದಲ್ಲೇ ಮಲಗಿತು. ಈಗ ಆರು ತಿಂಗಳಾಯಿತು, ಅವಳ ತಲೆ ಬಾಚಿಲ್ಲ. ಹಾಸಿಗೆಯಲ್ಲಿ ಗೋಡೆಯ ಕಡೆ ಅವಳ ಜಾಗ ಬಿಟ್ಟೇ ಮಲಗುತ್ತೇನೆ.

ಗಿಡದ ವಿಷಯ ಹೇಳುತ್ತೇನೆ, ಸ್ವಲ್ಪ ಕೇಳು. ಹುದ್‌ಹುದ್ ಚಂಡಮಾರುತದಲ್ಲಿ ಮನೆ ಕೊಂಡಾಗಲೇ ಇದ್ದ ತೆಂಗು, ನುಗ್ಗೆ ಎರಡೂ ಬಿದ್ದು ಕಾಂಪೌಂಡು ಬೋಳಾಗಿತ್ತಲ್ಲ, ಮರುವರ್ಷ ನಿಮ್ಮಪ್ಪ ಕಡಿಯಂ ಊರಿನ ನರ್ಸರಿಗಳ ಕಡೆ ಹೋಗಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸಸಿ ತಂದರು. ಚೆರ್ರಿ ಅಂದಾಗ ನಾನು ನಕ್ಕಿದ್ದೆ. ಹಿಮ ಬೀಳುವ ಊರಿನ ಗಿಡ ಈ ಉಪ್ಪು ಗಾಳಿಯಲ್ಲಿ ಬದುಕುತ್ತದೆಯೇ ಅಂತ. ಅವರು ನರ್ಸರಿಯವನಿಂದ ಕೇಳಿಕೊಂಡು ಬಂದ ಪಾಠವನ್ನೆಲ್ಲ ಒಪ್ಪಿಸಿದರು. ಇದು ಬಾರ್ಬಡೋಸ್ ಚೆರ್ರಿಯಂತೆ, ಸೆಕೆಯ ಗಿಡವಂತೆ, ವರ್ಷಕ್ಕೆ ಮೂರು ನಾಲ್ಕು ಸಲ ಕಾಯಿ ಬಿಡುತ್ತದಂತೆ. ಒಂದನ್ನು ಗೇಟಿನ ಪಕ್ಕ ನೆಟ್ಟರು, ಇನ್ನೊಂದನ್ನು ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ನಿಮ್ಮಪ್ಪ ಊರೂರು ಸುತ್ತುವ ಕೆಲಸದಲ್ಲಿದ್ದಾಗ ನಾನು ಕುಂಡದಲ್ಲಿ ಬಿಟ್ಟು ನೆಲದಲ್ಲಿ ಏನನ್ನೂ ನೆಟ್ಟವಳಲ್ಲ. ಬಿಟ್ಟು ಹೋಗುವಾಗ ಹೊಟ್ಟೆ ಉರಿಯುತ್ತದೆ ಅಂತ. ನಮ್ಮದೇ ನೆಲ ಅಂತ ಬೇರು ಬಿಡಲು ಕೊಟ್ಟದ್ದು ಈ ಎರಡಕ್ಕೇ ಮೊದಲು.

ಇವು ಬೆಳೆಯುವುದು ಸುಲಭ, ಸಾಕುವುದು ಕಷ್ಟ. ಬೇರು ಮೇಲುಮೇಲೇ ಇರುತ್ತದೆ, ಬುಡ ಕೆದಕುವ ಹಾಗಿಲ್ಲ. ಒಣಗಿದ ಎಲೆ ಹರಡಿ ಮುಚ್ಚಬೇಕು. ಸಮುದ್ರದ ಕಡೆಯಿಂದ ಗಾಳಿ ಬೀಸುವುದರಿಂದ ಆ ಬದಿಗೆ ಊರುಗೋಲು ಬೇಕು. ಹೂ ಬಿಟ್ಟಾಗ ಎರಡು ದಿನ ನೀರು ತಪ್ಪಿದರೆ ಹೂವೆಲ್ಲ ಉದುರಿ ನೆಲ ಗುಲಾಬಿಯಾಗುತ್ತದೆ. ಕಾಯಿ ಕೆಂಪೇರುವಾಗ ನೀರು ಜಾಸ್ತಿಯಾದರೆ ಹಣ್ಣು ಸೀಳುತ್ತದೆ. ಹಣ್ಣು ಮುಗಿದ ಕೂಡಲೇ ಉದ್ದ ಹೋದ ಕೊಂಬೆಗಳನ್ನು ಒಂದು ಗೇಣು ಕತ್ತರಿಸಬೇಕು, ಕನಿಕರ ತೋರಿಸಿದರೆ ಮುಂದಿನ ಸಲ ಬರೀ ಎಲೆ. ಈಗ ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಿರುವುದರಿಂದ ಸಿಮೆಂಟಿನ ಧೂಳು ಎಲೆಯ ಮೇಲೆ ಕೂರುತ್ತದೆ. ವಾರಕ್ಕೊಂದು ಸಲ ಪೈಪು ಹಿಡಿದು ತೊಳೆಯುತ್ತೇನೆ, ನಿನ್ನ ತಲೆಗೆ ಎರೆಯುತ್ತಿದ್ದ ಹಾಗೆ. ಪಿಕಳಾರ ಹಕ್ಕಿಗಳು ನನಗಿಂತ ಮೊದಲು ಎದ್ದು ಅರ್ಧ ಹಣ್ಣು ಮುಗಿಸುತ್ತವೆ. ಅವುಗಳಿಗೆ ಬೈಯದೆ ನನಗೆ ಬೆಳಗಾಗುವುದಿಲ್ಲ.

ಆಗಸ್ಟಿನದು ನಿನಗೆ ಗೊತ್ತಿಲ್ಲದ್ದೇನಲ್ಲ. ಗೇಟಿನ ಗಿಡಕ್ಕೆ ಬಿಳಿ ಹಿಟ್ಟಿನಂಥ ಹುಳು ಹತ್ತಿ ಎಲೆ ಮುರುಟಿತ್ತು. ಬೇವಿನೆಣ್ಣೆ, ಸೋಪಿನ ನೀರು ಎರಡೂ ನಾಟಲಿಲ್ಲ. ನಿಮ್ಮಪ್ಪ ಗೊಬ್ಬರದ ಅಂಗಡಿಯಿಂದ ಔಷಧಿ ತಂದು ಹತ್ತನೆಯ ತಾರೀಖು ಶನಿವಾರ ಹೊಡೆದರು. ಔಷಧಿ ಹೊಡೆದ ಗಿಡಕ್ಕೆ ನೀಲಿ ಬಟ್ಟೆಯ ಪಟ್ಟಿ ಕಟ್ಟಬೇಕು, ಹದಿನೈದು ದಿನ ಬಿಚ್ಚಬಾರದು ಅನ್ನುವುದು ಅವರೇ ಮಾಡಿದ ಕಾನೂನು. ಹಣ್ಣು ಕೆಂಪು, ಹೂವು ಗುಲಾಬಿ, ಎಲೆ ಹಸಿರು, ನೀಲಿಯಾದರೆ ಯಾರ ಕಣ್ಣಿಗೂ ತಪ್ಪುವುದಿಲ್ಲ ಅಂತ ತಮ್ಮ ಹಳೆಯ ಲುಂಗಿಯನ್ನೇ ಹರಿದಿದ್ದರು. ಧನ್ಯಾಗೆ ನಾಲ್ಕು ವರ್ಷವಿದ್ದಾಗಲೇ ಅದನ್ನು ಕಲಿಸಿದ್ದರು. ಪಟ್ಟಿ ಇರುವ ಗಿಡವನ್ನು ಅವಳು ಒಂದು ದಿನವೂ ಮುಟ್ಟಿದವಳಲ್ಲ. ಆದರೆ ಒಂದು ವಾರ ಕಳೆದು ಹದಿನೇಳನೆಯ ತಾರೀಖು ಸ್ಕೂಲಿನಿಂದ ಬಂದವಳು ಅದೇ ಗಿಡದಿಂದ ಮಡಿಲ ತುಂಬ ಕಿತ್ತು ತಿಂದಳು. ನಾಲ್ಕು ಗಂಟೆಗೆ ವಾಂತಿ, ಬೆವರು, ಬಾಯಲ್ಲಿ ಜೊಲ್ಲು. ಮೂರು ದಿನ ಐಸಿಯು. ಹದಿನೆಂಟರ ಬೆಳಿಗ್ಗೆ ವಿಜಯವಾಡದಿಂದ ಬಂದ ನೀನು ಬಟ್ಟೆ ಬದಲಾಯಿಸಲು ಮನೆಗೆ ಬಂದಾಗ ಗೇಟಿನಲ್ಲಿ ಪಟ್ಟಿಯನ್ನು ಕಣ್ಣಾರೆ ನೋಡಿದೆ. ಅದರ ಬಗ್ಗೆ ನಾನು ಮತ್ತೆ ಬರೆಯುವುದೇನೂ ಇಲ್ಲ.

ನಿಮ್ಮಪ್ಪನ ಬಗ್ಗೆ ಬರೆಯುವುದಿದೆ. ಆಸ್ಪತ್ರೆಯ ಮೆಟ್ಟಿಲ ಹತ್ತಿರ ನೀನು ಅವರಿಗೆ ಹೇಳಿದ ಮಾತು ನನಗೂ ಕೇಳಿಸಿತು. "ಮಗು ಇರೋ ಮನೇಲಿ ವಿಷ ತಂದಿಟ್ರಲ್ಲಪ್ಪ, ನಿಮ್ಮ ಕೈಯಿಂದ್ಲೇ ಹೋಗ್ತಿದ್ಲು ಅವಳು" ಅಂದೆ. ಈಗ ಅವರು ದಿನಕ್ಕೊಂದು ಸಲ ನನ್ನನ್ನು ಕೇಳುತ್ತಾರೆ, ಒಂದು ಮುಚ್ಚಳ ಔಷಧಿ ಹಾಕಬೇಕಾದ ಕಡೆ ಎರಡು ಹಾಕಿಬಿಟ್ಟೆನೇನೋ ಸುಮಿತ್ರಾ ಅಂತ. ಒಂದೇ ಹಾಕಿದ್ದು, ನಾನು ನೋಡಿದ್ದೇನೆ ಅನ್ನುತ್ತೇನೆ. ನಂಬುವುದಿಲ್ಲ. ಗಿಡಗಳ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಾರೆ, ಗೇಟು ದಾಟುವಾಗ ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ನೀನು ಫೋನ್ ಮಾಡಿದಾಗಲೆಲ್ಲ ಪೇಪರ್ ಹಿಡಿದುಕೊಂಡು ನನ್ನ ಪಕ್ಕಕ್ಕೇ ಬಂದು ಕೂರುತ್ತಾರೆ. ಒಂದು ಸಲ ಅಪ್ಪನಿಗೆ ಕೊಡು ಅಂತ ನೀನು ಅನ್ನುತ್ತೀಯೇನೋ ಅಂತ ಕಾಯುತ್ತಾರೆ. ನೀನು ಅನ್ನುವುದಿಲ್ಲ.

ನನ್ನ ಕೇಳಿಕೆ ಇಷ್ಟೇ. ಗೇಟಿನದು ಹೋಗಲಿ. ಹಿಂದಿನದು ಇರಲಿ, ಅದಕ್ಕೆ ಯಾವತ್ತೂ ಔಷಧಿ ಬಿದ್ದಿಲ್ಲ. ನೀನು ಹೂಂ ಅಂದರೆ ಸಾಕು. ಧನ್ಯಾಗೆ, ನಿಮ್ಮ ಅತ್ತೆಯವರಿಗೆ ನಾನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿನ್ನ ಅಮ್ಮ
ಸುಮಿತ್ರಾ

ತಾ.ಕ.: ಧನ್ಯಾ ಫೋನಿಗೆ ಬಂದರೆ "ಚೆನ್ನಾಗಿದೀನಿ ಅಜ್ಜಿ" ಅಂದು ಫೋನ್ ಕೊಟ್ಟುಬಿಡುತ್ತಾಳೆ. ಮೊದಲು ಹಾಗಿರಲಿಲ್ಲ. ನನ್ನ ಬಗ್ಗೆ ನಿನ್ನ ಹತ್ತಿರ ಏನಾದರೂ ಹೇಳಿದ್ದಾಳೆಯೇ?



ಮಧುರವಾಡ, ವಿಶಾಖಪಟ್ಟಣ
9 ಏಪ್ರಿಲ್ 2025, ಬುಧವಾರ

ಚಿ. ಸೌ. ಚೈತನ್ಯಾಳಿಗೆ,

ಅಮ್ಮನ ಆಶೀರ್ವಾದಗಳು. ಯುಗಾದಿ ಕಳೆದು ಹತ್ತು ದಿನವಾದರೂ ಬರೆಯಲಿಲ್ಲ, ಈ ಸಲ ನೆವ ಹೇಳುವುದಿಲ್ಲ. ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ.

ನನ್ನ ಮೂರು ಪುಟದ ಕಾಗದಕ್ಕೆ ನೀನು ವಾಟ್ಸಾಪಿನಲ್ಲಿ ಕಳಿಸಿದ ಉತ್ತರ ಎರಡು ಪದ: "ಎರಡೂ ಕಡ್ಸಿ." ಅದನ್ನು ನಿಮ್ಮಪ್ಪನಿಗೆ ತೋರಿಸಬಾರದಿತ್ತು, ತೋರಿಸಿದೆ. ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೇ ಗರಗಸದವನನ್ನು ಕರೆದುಕೊಂಡು ಬಂದರು. ಗೇಟಿನ ಗಿಡ ಆಗ ಮೈತುಂಬ ಹೂವಿನಲ್ಲಿತ್ತು. ಹದಿನೈದು ದಿನ ತಡೆಯಿರಿ, ಹೂವು ಕಾಯಾಗಿ ಹಣ್ಣಾಗಲಿ, ಹಕ್ಕಿಗಾದರೂ ಆಗುತ್ತದೆ ಅಂತ ಬೇಡಿಕೊಂಡೆ. "ಮಗು ಬರ್ಬೇಕೋ ಗಿಡ ಇರ್ಬೇಕೋ, ಒಂದು ಹೇಳು" ಅಂದರು. ನಾನು ಒಳಗೆ ಬಂದು ಮಿಕ್ಸಿ ಹಾಕಿಕೊಂಡೆ, ಗರಗಸದ ಸದ್ದು ಕೇಳಬಾರದು ಅಂತ. ಒಣ ಮೆಣಸಿನಕಾಯಿ ಬಿಟ್ಟರೆ ಪುಡಿ ಮಾಡಲು ಮನೆಯಲ್ಲಿ ಏನೂ ಇರಲಿಲ್ಲ, ಅದನ್ನೇ ಹಾಕಿದೆ. ಸೀನಿಸೀನಿ ಕಣ್ಣಲ್ಲಿ ನೀರು ಬಂತು. ಗರಗಸದವನು ನೀರು ಕೇಳಲು ಬಂದು ನೋಡಿ ಪಾಪ ಅಂದುಕೊಂಡ.

ಹತ್ತು ವರ್ಷದ ಗಿಡ ಅರ್ಧ ಗಂಟೆಯಲ್ಲಿ ಹೋಯಿತು. ಹಿಂದಿನದಕ್ಕೆ ಇನ್ನೂ ಕಡಿಮೆ. ಅಷ್ಟಕ್ಕೆ ಬಿಡಲಿಲ್ಲ, ಬುಡ ಚಿಗುರಬಾರದು ಅಂತ ಬೇರು ಸಮೇತ ಅಗೆಸಿದರು. ಬೇರು ಮೇಲೇ ಇರುತ್ತದೆ ಅಂತ ನಾನು ಹೇಳುತ್ತಿದ್ದೆನಲ್ಲ, ಗುದ್ದಲಿ ಎರಡು ಸಲ ಹಾಕಿದ್ದಕ್ಕೇ ಕಿತ್ತು ಬಂತು. ಈಗ ಗೇಟಿನ ಪಕ್ಕ ಬರೀ ಮಣ್ಣು. ಪಿಕಳಾರಗಳು ನಾಲ್ಕು ದಿನ ಬಂದು ಕಾಂಪೌಂಡಿನ ಮೇಲೆ ಕೂತು ಹೋದವು. ಈಗ ಅವೂ ಬರುವುದಿಲ್ಲ. ಬೆಳಿಗ್ಗೆ ಎದ್ದರೆ ಬೈಯಲು ನನಗೆ ಯಾರೂ ಇಲ್ಲ.

ಆದರೆ ನಿಮ್ಮಪ್ಪ ಬೋಳು ಗೇಟಿನ ಫೋಟೋ ತೆಗೆದು ಕಳಿಸಿದ ಮೇಲೆ ನೀನು ಯುಗಾದಿಯ ದಿನ ಫೋನ್ ಮಾಡಿ "ಅಪ್ಪನಿಗೆ ಕೊಡಮ್ಮ" ಅಂದೆಯಲ್ಲ, ಆ ಎರಡು ನಿಮಿಷಕ್ಕೆ ಇನ್ನೂ ಎರಡು ಗಿಡ ಹೋಗಿದ್ದರೂ ನಾನು ಅಳುತ್ತಿರಲಿಲ್ಲ. ಬಿಪಿ ಮಾತ್ರೆ ತಗೋತಿದೀರಾ ಅಂತ ನೀನು ಕೇಳಿದ್ದಂತೆ. ಅದನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ಎದುರು ಮನೆಯ ಸೀತಾಮಹಾಲಕ್ಷ್ಮಿ ನನ್ನನ್ನು ಕರೆದು, ಏನು ವದಿನಾ, ನಿಮ್ಮವರು ಇವತ್ತು ಹೊಸ ಅಳಿಯನ ಹಾಗೆ ನಡೆಯುತ್ತಿದ್ದಾರೆ ಅಂತ ನಕ್ಕಳು. ಧನ್ಯಾಗೆ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ 27ನೇ ತಾರೀಖಿಗೆ ಟಿಕೆಟ್ ಆಗಿದೆ ಅಂದ ದಿನದಿಂದ ಅವರ ಓಡಾಟ ನೋಡಬೇಕು. ಸೈಕಲ್ಲಿನ ಪಂಕ್ಚರ್ ಹಾಕಿಸಿದರು, ಮಹಡಿ ಬಾಗಿಲಿಗೆ ಹೊಸ ಚಿಲಕ ಹೊಡೆಸಿದರು, ಸ್ಟೇಷನ್ನಿಗೆ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಈಗಲೇ ದಿನಕ್ಕೆರಡು ಸಲ ಲೆಕ್ಕ ಹಾಕುತ್ತಾರೆ. ಎಂಟು ತಿಂಗಳ ಮೇಲೆ ಮನೆಯಲ್ಲಿ ಅವರು ಗಟ್ಟಿಯಾಗಿ ಮಾತಾಡುವುದು ಕೇಳಿಸುತ್ತಿದೆ.

ಇಷ್ಟಕ್ಕೆ ಕಾಗದ ಮುಗಿಸಬಹುದಿತ್ತು. ಹೋದ ಶುಕ್ರವಾರ ನಿಮ್ಮ ಅತ್ತೆಯವರು ಫೋನ್ ಮಾಡಿದರು.

ಕೋಟೇಶ್ವರಮ್ಮನವರು ನನಗೆ ತಾವಾಗಿ ಫೋನ್ ಮಾಡುವುದು ಹಬ್ಬಕ್ಕೆ ಮಾತ್ರ. ನೀನು ಡ್ಯೂಟಿಯಲ್ಲಿದ್ದೆಯಂತೆ, ನಿನಗೆ ಹೇಳಬೇಡಿ ಅಂತ ಮೊದಲೇ ಅಂದರು. ಮಗುವಿನ ಕಣ್ಣಿಗೆ ಏನಾಗಿದೆ ಅಂತ ನಿಮಗೇನಾದರೂ ಗೊತ್ತಾ, ಐದು ವರ್ಷ ಸಾಕಿದವರಲ್ಲವಾ ನೀವು ಅಂತ ಕೇಳಿದರು. ನನಗೆ ಅರ್ಥವಾಗಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದರು. ತಟ್ಟೆಗೆ ಏನು ಹಾಕಿದರೂ ಧನ್ಯಾ ಮೂರು ಜನರನ್ನು ಕೇಳುತ್ತಾಳಂತೆ, ಇದನ್ನು ತಿನ್ನಬಹುದಾ, ಇದರ ಮೇಲೆ ಏನಾದರೂ ಇದೆಯಾ ಅಂತ. ಸ್ಕೂಲಿನಲ್ಲಿ ಬೋರ್ಡಿನ ಮೇಲಿರುವುದನ್ನು ಬರೆಯುವುದಿಲ್ಲವಂತೆ. ಪಕ್ಕದಲ್ಲಿ ಕೂರುವ ಸಾಯಿಪ್ರಿಯಾ ಅನ್ನುವ ಹುಡುಗಿ ಬರೆದ ಮೇಲೆ ಅವಳ ಪುಸ್ತಕ ನೋಡಿ ಬರೆಯುತ್ತಾಳಂತೆ. ಭವಾನಿಪುರಂನಲ್ಲಿ ನಿಮ್ಮ ಮನೆ ಮುಂದಿನ ರಸ್ತೆ ಖಾಲಿ ಇದ್ದರೂ ದಾಟದೆ, ಯಾರಾದರೂ ಬಂದು ಗಾಡಿ ಇಲ್ಲ ಅಂತ ಹೇಳುವ ತನಕ ನಿಂತಿರುತ್ತಾಳಂತೆ. ಯಾಕಮ್ಮಾ ಅಂತ ಕೇಳಿದರೆ ಒಂದೇ ಮಾತು ಹೇಳುತ್ತಾಳಂತೆ: "ನಾಕು ಸರಿಗ್ಗಾ ಕನಪಡದು ನಾನಮ್ಮಾ." ನನಗೆ ಸರಿಯಾಗಿ ಕಾಣುವುದಿಲ್ಲ ಅಜ್ಜಿ ಅಂತ, ಎಂಟು ವರ್ಷ ತುಂಬದ ಮಗು.

ನೀನು ಇಬ್ಬರು ಕಣ್ಣಿನ ಡಾಕ್ಟರಿಗೆ ತೋರಿಸಿದ್ದೀಯಂತೆ. ಇಬ್ಬರೂ ಕಣ್ಣು ಸರಿಯಾಗಿದೆ, ನಂಬರ್ ಇಲ್ಲ, ಕನ್ನಡಕ ಬೇಡ ಅಂದರಂತೆ. ಅವಳಿಗೆ ಕನ್ನಡಕ ಹಾಕಿಸಿಕೊಳ್ಳುವ ಚಪಲ, ಅದಕ್ಕೇ ನಾಟಕ ಅಂತ ಪ್ರಶಾಂತ್ ಗದರಿದರಂತೆ. ಅವತ್ತಿನಿಂದ ಕಾಣುವುದಿಲ್ಲ ಅನ್ನುವುದನ್ನೂ ಬಿಟ್ಟು ಸುಮ್ಮನೆ ನಿಂತಿರುತ್ತಾಳಂತೆ. ಇದನ್ನೆಲ್ಲ ನೀನು ನನಗೆ ಹೇಳಲಿಲ್ಲ. ಅಮ್ಮ ಹೆದರುತ್ತಾಳೆ ಅಂತ ಇರಬೇಕು.

ಫೋನ್ ಇಟ್ಟ ಮೇಲೆ ನನಗೆ ನೆನಪಾದದ್ದು ಆಸ್ಪತ್ರೆಯಲ್ಲಿ ಅವಳನ್ನು ವಾರ್ಡಿಗೆ ತಂದ ದಿನ. ನೀನು ಅವಳಿಗೆ ಗಂಜಿ ಕುಡಿಸುತ್ತಾ, "ಅಷ್ಟು ದೊಡ್ಡ ಬಟ್ಟೆ ಕಟ್ಟಿದೆ, ಕಾಣ್ಲಿಲ್ವಾ ನಿಂಗೆ? ಕಣ್ಣು ಎಲ್ಲಿಟ್ಟಿದ್ದೆ?" ಅಂತ ಕೇಳಿದೆ. ಮೂರು ದಿನದ ಹೆದರಿಕೆ ಇಳಿದ ಮೇಲೆ ಯಾವ ತಾಯಿಗಾದರೂ ಬರುವ ಕೋಪ ಅದು, ನಿನ್ನ ತಪ್ಪು ಹೇಳುತ್ತಿಲ್ಲ. ಅವಳು ಗಂಜಿ ನುಂಗಿ, "ಕಾಣ್ಲಿಲ್ಲಮ್ಮ" ಅಂದಳು. ನಾನು ಆ ಕಡೆ ತಿರುಗಿ ಫ್ಲಾಸ್ಕ್ ತೊಳೆಯುತ್ತಿದ್ದೆ.

ಅವಳನ್ನು ಬೈಯಬೇಡಿ. ಮೂರನೆಯ ಡಾಕ್ಟರಿಗೆ ತೋರಿಸುವುದೂ ಬೇಡ. ಅವಳು ಕೇಳಿದಷ್ಟು ಸಲವೂ ಬೇಸರ ಮಾಡಿಕೊಳ್ಳದೆ ಉತ್ತರ ಹೇಳಿ. ನಿನಗೆ ಆಯುಸ್ಸು, ಆರೋಗ್ಯ ಎಲ್ಲ ಆ ದೇವರು ಕೊಡಲಿ. ಮಗುವಿಗೆ ಎಳ್ಳಷ್ಟೂ ಕೆಟ್ಟದ್ದಾಗದಿರಲಿ. ಪ್ರಶಾಂತ್‌ಗೆ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ಅಮ್ಮ
ಸುಮಿತ್ರಾ

ತಾ.ಕ.: ಕಾಗದ ಮಡಿಚಿ ಕವರಿಗೆ ಹಾಕಿ ಅಂಟಿಸಿದ್ದೆ. ಹರಿದು ಮತ್ತೆ ತೆಗೆದಿದ್ದೇನೆ. ಇದನ್ನು ನಿಂತುಕೊಂಡು ಓದಬೇಡ, ಎಲ್ಲಾದರೂ ಕೂತುಕೋ.

ಧನ್ಯಾ ಹಣ್ಣು ಕಿತ್ತಾಗ ಗಿಡದಲ್ಲಿ ಪಟ್ಟಿ ಇರಲಿಲ್ಲ. ನಾನು ಬಿಚ್ಚಿದ್ದೆ.

ಅವತ್ತಿನ ಹಿಂದಿನ ದಿನ ವರಮಹಾಲಕ್ಷ್ಮಿ ಹಬ್ಬ. ಬೀದಿಯ ಹೆಂಗಸರೆಲ್ಲ ತಾಂಬೂಲಕ್ಕೆ ಬರುವವರು. ಇಪ್ಪತ್ತು ವರ್ಷವಾದರೂ ಇಲ್ಲಿಯವರಿಗೆ ನಾವು ಕನ್ನಡಂವಾಳ್ಳೇ, ಕನ್ನಡದವರೇ. ಇವರಿಗೆ ಹಬ್ಬದ ಕ್ರಮ ಗೊತ್ತಿಲ್ಲ ಅಂತ ಯಾರೂ ಅನ್ನಬಾರದು ಅಂತ ನಾನು ಆ ಒಂದು ದಿನ ಅವರಿಗಿಂತ ಒಂದು ಕೈ ಜಾಸ್ತಿಯೇ ಮಾಡುತ್ತೇನೆ, ನಿನಗೆ ಗೊತ್ತು. ಬೆಳಿಗ್ಗೆ ರಂಗೋಲಿ ಹಾಕಿ ತೋರಣ ಕಟ್ಟಿ ತಲೆ ಎತ್ತಿದರೆ ಗೇಟಿನಲ್ಲೇ ಹರಿದ ಲುಂಗಿಯ ಚಿಂದಿ ನೇತಾಡುತ್ತಿತ್ತು. ಲಕ್ಷ್ಮಿ ಬರುವ ಬಾಗಿಲಲ್ಲಿ ಇದೇನು ಅಂತ ಬಿಚ್ಚಿ ಬತ್ತಿಯ ಡಬ್ಬಿ ಇಡುವ ಡ್ರಾಯರಿನಲ್ಲಿ ಹಾಕಿದೆ. ಎಲ್ಲರೂ ಹೋದ ಮೇಲೆ ಕಟ್ಟಿದರಾಯಿತು ಅಂದುಕೊಂಡೆ. ಎಲ್ಲರೂ ಹೋಗುವಾಗ ಎಂಟು ಗಂಟೆ. ಕಾಲು ನೋಯುತ್ತಿತ್ತು, ಮಲಗಿದೆ. ಶನಿವಾರ ಬೆಳಿಗ್ಗೆ ಹಬ್ಬದ ಪಾತ್ರೆಗಳ ಮುಂದೆ ಕೂತವಳಿಗೆ ಪಟ್ಟಿಯ ನೆನಪೇ ಬರಲಿಲ್ಲ. ಧನ್ಯಾ ಸ್ಕೂಲಿನಿಂದ ಬಂದು ಗಿಡವನ್ನು ನೋಡಿದ್ದಾಳೆ, ಪಟ್ಟಿ ಇಲ್ಲ, ತಾತ ಬಿಚ್ಚಿದ್ದಾರೆ ಅಂದುಕೊಂಡು ಕಿತ್ತಿದ್ದಾಳೆ. ಕಲಿಸಿದ್ದನ್ನು ಕಲಿಸಿದ ಹಾಗೇ ಮಾಡಿದ್ದಾಳೆ.

ಮರೆವಿಗೆ ನೀನು ಕ್ಷಮಿಸಿದರೂ ಕ್ಷಮಿಸೀಯ. ಮುಂದಿನದಕ್ಕೆ ನಾನು ಕೇಳುವುದಿಲ್ಲ. ಆಸ್ಪತ್ರೆಗೆ ಸೇರಿಸಿದ ಕೂಡಲೇ, ಯಾವ ಔಷಧಿ ಅಂತ ನೋಡಲು ಡಾಕ್ಟರು ಬಾಟಲಿ ತರಲು ಹೇಳಿದರು. ಸೀತಾಮಹಾಲಕ್ಷ್ಮಿಯನ್ನು ಮಗುವಿನ ಹತ್ತಿರ ಬಿಟ್ಟು ಆಟೋದಲ್ಲಿ ಮನೆಗೆ ಬಂದೆ. ನಿಮ್ಮಪ್ಪ ಪೆನ್ಷನರುಗಳ ಸಭೆಯಿಂದ ನೇರವಾಗಿ ಆಸ್ಪತ್ರೆಗೆ ಬರುತ್ತಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ. ಮಗು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ, ಬಾಟಲಿ ಬೇಗ ತನ್ನಿ ಅಂತ ಡಾಕ್ಟರು ಹೇಳಿದ್ದಾಗ, ನಾನು ಡ್ರಾಯರ್ ತೆಗೆದು ಪಟ್ಟಿ ಹುಡುಕಿ ಗಿಡಕ್ಕೆ ಕಟ್ಟಿ ಎರಡು ಗಂಟು ಹಾಕಿ, ಆಮೇಲೆ ಬಾಟಲಿ ತೆಗೆದುಕೊಂಡು ಹೋದೆ. ಆಟೋದವನು ಹಾರನ್ ಹೊಡೆಯುತ್ತಿದ್ದ. ನೀನು ಬಂದರೆ ಏನು ಹೇಳಲಿ ಅನ್ನುವುದೊಂದೇ ತಲೆಯಲ್ಲಿತ್ತು.

ಆಸ್ಪತ್ರೆಯಿಂದ ಕರೆದುಕೊಂಡು ಬಂದ ದಿನ ನೀನು ಒಳಗೆ ಅವಳ ಬಟ್ಟೆ ಚೀಲಕ್ಕೆ ತುಂಬುತ್ತಿದ್ದೆ. ಅವಳು ಗೇಟಿನ ಹತ್ತಿರ ಪಟ್ಟಿಯನ್ನು ನೋಡುತ್ತಾ ನಿಂತಿದ್ದಳು. ಕೈಗೆ ಸೂಜಿಯ ಪ್ಲಾಸ್ಟರ್ ಇನ್ನೂ ಇತ್ತು. ನಾನು ಹತ್ತಿರ ಹೋದೆ. "ಅಜ್ಜೀ, ಇದು ಅವತ್ತೂ ಇತ್ತಾ?" ಅಂತ ಕೇಳಿದಳು. ನಾನು "ಇತ್ತು ಕಂದಾ" ಅಂದೆ. ಅವಳು "ಹೌದಾ" ಅಂದಳು. ಮತ್ತೆ ಕೇಳಲಿಲ್ಲ. ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಆಗ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೆ. ನೀನು ಅವಳನ್ನು ಕರೆದುಕೊಂಡು ಹೋದ ಮೇಲೆ, ಹೇಳಿದರೆ ಮತ್ತೆ ಯಾವತ್ತೂ ಕಳಿಸುವುದಿಲ್ಲ ಅಂತ ಹೆದರಿದೆ. ನಿಮ್ಮಪ್ಪ ಮುಚ್ಚಳದ ಲೆಕ್ಕ ಕೇಳಿ ಕೇಳಿ ಕರಗುತ್ತಿದ್ದರೂ ಬಾಯಿ ಬಿಡಲಿಲ್ಲ. ನೀನು ಅವರ ಜೊತೆ ಮಾತು ಬಿಟ್ಟಾಗಲೂ ಬಿಡಲಿಲ್ಲ. ನನ್ನ ತಪ್ಪಿಗೆ ಆ ಎರಡು ಗಿಡ ಕಡಿಯುವಾಗಲೂ ಮಿಕ್ಸಿ ಹಾಕಿಕೊಂಡು ಕೂತೆ. ಇನ್ನು ಹದಿನೆಂಟು ದಿನ ಸುಮ್ಮನಿದ್ದರೆ ಮಗು ಬಂದು ನನ್ನ ಪಕ್ಕದಲ್ಲಿ ಮಲಗುತ್ತಿತ್ತು. ಆದರೆ ಆ ಮಗು ತನ್ನ ಕಣ್ಣು ಕಂಡದ್ದನ್ನು ಸುಳ್ಳು ಅಂದುಕೊಂಡು ನಾನು ಹೇಳಿದ್ದನ್ನು ನಿಜ ಅಂದುಕೊಂಡಿದೆ. ಅವಳು ಇಲ್ಲಿಗೆ ಬಂದು ನಾನು ಬಡಿಸಿದ ಅನ್ನ ತೋರಿಸಿ, ಇದನ್ನು ತಿನ್ನಬಹುದಾ ಅಜ್ಜಿ ಅಂತ ಕೇಳಿದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಇವತ್ತು ಮಧ್ಯಾಹ್ನ ನಿಮ್ಮಪ್ಪನಿಗೆ ಹೇಳಿದೆ. ಮೊದಲು ಅವರಿಗೇ ಹೇಳಬೇಕಿತ್ತು. ಪೂರ್ತಿ ಕೇಳಿದರು. ಊಟಕ್ಕೆ ಎಲೆ ಹಾಕಿ ಅನ್ನ ತಂದರೆ, "ನೀನು ಬಡಿಸ್ಬೇಡ, ನಾನೇ ಹಾಕ್ಕೋತೀನಿ" ಅಂದು ಕೈಯಿಂದ ಸೌಟು ತೆಗೆದುಕೊಂಡರು. ಮೂವತ್ತೆಂಟು ವರ್ಷದಲ್ಲಿ ಅವರು ತಾವಾಗಿ ಬಡಿಸಿಕೊಂಡಿದ್ದು ನಾನು ನೋಡಿರಲಿಲ್ಲ. ಈಗ ಮಹಡಿಯ ಮೇಲಿದ್ದಾರೆ. ಅವರಿಗೆ ನೀನು ಇವತ್ತೇ ಫೋನ್ ಮಾಡು, ನನ್ನ ಫೋನಿಗೆ ಬೇಡ, ಅವರ ಫೋನಿಗೆ.

ಟಿಕೆಟ್ಟು ಇಟ್ಟುಕೊಳ್ಳುವುದೋ ಕ್ಯಾನ್ಸಲ್ ಮಾಡುವುದೋ ನಿನಗೆ ಬಿಟ್ಟದ್ದು. ನಾನು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ.

ಧನ್ಯಾಗೆ ಕನ್ನಡ ಓದಲು ಬರುವುದಿಲ್ಲ, ಬಂದಿದ್ದರೆ ಇದನ್ನು ಅವಳ ಹೆಸರಿಗೇ ಬರೆಯುತ್ತಿದ್ದೆ. ನೀನು ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳು. ಅವತ್ತು ಪಟ್ಟಿ ಇರಲಿಲ್ಲ, ನೀನು ಸರಿಯಾಗಿಯೇ ನೋಡಿದ್ದೆ, ಸುಳ್ಳು ಹೇಳಿದ್ದು ಅಜ್ಜಿ ಅಂತ ಹೇಳು. ಅವಳು ನಂಬದೆ ಮತ್ತೆ ಮತ್ತೆ ಕೇಳಬಹುದು, ಎಷ್ಟು ಸಲ ಕೇಳಿದರೂ ಹೇಳು. ಬೇಕಾದರೆ ತೆಲುಗಿನಲ್ಲೇ ಹೇಳು, ಈಗ ಅವಳಿಗೆ ಅದೇ ಚೆನ್ನಾಗಿ ಅರ್ಥವಾಗುತ್ತದೆ. ರಜ ಶುರುವಾಗಲಿ, ಪರೀಕ್ಷೆ ಮುಗಿಯಲಿ ಅಂತ ಮುಂದಕ್ಕೆ ಹಾಕಬೇಡ. ನಾನು ಹಾಗೆ ಮುಂದಕ್ಕೆ ಹಾಕಿಯೇ ಎಂಟು ತಿಂಗಳಾಯಿತು.